ಭ್ರಾತೃಮಂಡಲಗಳಲ್ಲಿ ದೀಕ್ಷೆಯೂ ಪದವಿಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವಾರ್ಷಿಕೋತ್ಸವದಲ್ಲಿ ‘ಸಂಘಜೀವನ’ವೆಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ವಿಷಯವು ಬಹು ವಿಶಾಲವಾದುದು. ಅದನ್ನು ಇದ್ದಂತೆಯೇ ಎತ್ತಿಕೊಂಡರೆ ಐಕಮತ್ಯ, ತ್ಯಾಗ, ಸೇವೆ ಮೊದಲಾದ ದೊಡ್ಡ ಮಾತುಗಳಲ್ಲಿಯೇ ತಮ್ಮ ಸಮಯವನ್ನು ಕಳೆಯಬೇಕಾದೀತು. ಆ ಮಾತುಗಳನ್ನು ತಾವು ಪ್ರತಿವರ್ಷವೂ ಕೇಳಿದ್ದೀರಿ. ನಮಗಿಂತ ಚೆನ್ನಾಗಿ ಆಡಬಲ್ಲವರ ಬಾಯಿಂದಲೇ ಕೇಳಿದ್ದೀರಿ. ಆದುದರಿಂದ ನಾವು ದೂರದೇಶದಲ್ಲಿ ಹುಟ್ಟಿ ನಮ್ಮ ದೇಶಕ್ಕೂ ಬಂದು ನೆಲೆಸಿದ ಒಂದು ಭ್ರಾತೃಮಂಡಲವನ್ನು ಆರಿಸಿಕೊಂಡು, ಅದರೊಳಗಿನ ಒಂದೇ ಒಂದು ಏರ್ಪಾಡನ್ನು ವಿಚಾರಮಾಡಬೇಕೆಂದಿದ್ದೇವೆ. ಆ ಮಂಡಲವು ಫ್ರೀಮೇಸನರದು. ಆ ಏರ್ಪಾಡು ಅಲ್ಲಿಯ ದೀಕ್ಷೆಗಳ ಮತ್ತು ಪದವಿಗಳ ಕ್ರಮ.

ಕಾಸರಗೋಡಿನ ನೆಲದಲ್ಲಿ ಕುಳಿತು ಇಂಗ್ಲೆಂಡಿನ ಕಲ್ಲುಕುಟಿಗರ ಕಥೆಯೇಕೆಂದು ತಾವು ಕೇಳಬಹುದು. ಕಾರಣವುಂಟು. ನಮ್ಮ ಸಂಘದ ನಿಯಮಾವಳಿಯ ತಿದ್ದುಪಡಿಯ ಕರಡೊಂದು ಈಗ ಸದಸ್ಯರ ಕೈಯಲ್ಲಿದೆ. ಕನ್ನಡವನ್ನು ಓದಿ ಬರೆಯಬಲ್ಲವರಿಗೆ ಮಾತ್ರ ಸದಸ್ಯತ್ವವಿರತಕ್ಕದ್ದೆಂದೂ, ಸದಸ್ಯರನ್ನು ಮೂರು ದರ್ಜೆಗಳಾಗಿ ವಿಂಗಡಿಸಿ ಮೇಲಿನ ದರ್ಜೆಯವರಿಗೆ ಮಾತ್ರ ಮತಾಧಿಕಾರ ಕೊಡತಕ್ಕದ್ದೆಂದೂ ಅದರಲ್ಲಿ ಸೂಚನೆಯಿದೆ. ಕರಡನ್ನು ಬರೆದವರು ಸಂಘದ ಹಿತಚಿಂತಕರೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ದರ್ಜೆಯೆಂಬ ವಸ್ತುವನ್ನು ಮುನ್ನೂರು ವರ್ಷಗಳಿಂದ ಬಳಸಿ, ಅದರ ಸುಖವನ್ನೂ ದುಃಖವನ್ನೂ ಕಂಡಿರುವ ಮಂಡಲವೊಂದಿರುವಾಗ ಅದರ ಅನುಭವವನ್ನು ಕೇಳದೆ ನಾವು ಮುಂದುವರಿಯುವುದು ಜಾಣತನವಲ್ಲ.

ಮೊದಲೇ ಒಂದು ಮಾತು. ನಾವು ಆ ಮಂಡಲಕ್ಕೆ ಸೇರಿದವರಲ್ಲ. ಅಚ್ಚಾದ ಪುಸ್ತಕಗಳಲ್ಲಿರುವುದನ್ನಷ್ಟೇ ಹೇಳುತ್ತೇವೆ. ಪರರ ಗುಟ್ಟನ್ನು ಒಡೆದ ದೋಷವೂ ನಮಗೆ ತಟ್ಟದು. ಸಾಮ್ಯುಯೆಲ್ ಪ್ರಿಚರ್ಡ್ ಎಂಬಾತನು ಲಂಡನ್ನಿನಲ್ಲಿ 1730ರಷ್ಟು ಹಿಂದೆಯೇ ಆ ಗುಟ್ಟುಗಳನ್ನೆಲ್ಲ ಅಚ್ಚುಹಾಕಿಸಿ ಮಾರಿಬಿಟ್ಟಿದ್ದಾನೆ. ಇನ್ನೊಂದು ಮಾತು: ಅವರು ತಮ್ಮ ಶಾಖೆಯನ್ನು ‘ಲಾಡ್ಜ್’ ಎನ್ನುತ್ತಾರೆ. ಅದು ನಮ್ಮ ಬಸ್ಸು ನಿಲ್ದಾಣದ ಎದುರಿಗಿರುವ ವಸತಿಗೃಹವಲ್ಲ. ಕಲ್ಲುಕೆಲಸ ನಡೆಯುವ ಸ್ಥಳದಲ್ಲಿ ಕೆಲಸಗಾರರು ಕಟ್ಟಿಕೊಳ್ಳುತ್ತಿದ್ದ ಗುಡಿಸಲಿಗೆ ಆ ಹೆಸರಿತ್ತು. ಮಂಡಲವು ಬೆಳೆದರೂ ಹೆಸರು ಬದಲಾಗಲಿಲ್ಲ. ಉತ್ತರ ಹಿಂದೂಸ್ಥಾನದಲ್ಲಿ ಜನರು ಅದಕ್ಕೆ ‘ಜಾದೂ ಘರ್’ ಎಂದು ಹೆಸರಿಟ್ಟಿದ್ದರು. ಮುಚ್ಚಿದ ಬಾಗಿಲಿನ ಹಿಂದೆ ಏನು ನಡೆಯುವುದೆಂದು ತಿಳಿಯದವರಿಗೆ ಬೇರೆ ಯಾವ ಹೆಸರು ತಾನೆ ತೋಚೀತು!

ಮೊದಲು ಈ ಪದವಿಗಳು ಹುಟ್ಟಿದ ಬಗೆಯನ್ನು ನೋಡೋಣ. ಇವು ವೇದಾಂತದಿಂದ ಹುಟ್ಟಿದವುಗಳಲ್ಲ, ಕೂಲಿಯಿಂದ ಹುಟ್ಟಿದವು. ಸ್ಕಾಟ್ಲೆಂಡಿನಲ್ಲಿ ಆರನೆಯ ಜೇಮ್ಸ್ ದೊರೆಯ ಕಟ್ಟಡಗಳ ಮೇಲ್ವಿಚಾರಕನಾಗಿದ್ದ ವಿಲಿಯಂ ಶಾ ಎಂಬವನು 1598ರಲ್ಲಿಯೂ 1599ರಲ್ಲಿಯೂ ಕಲ್ಲುಕುಟಿಗರಿಗಾಗಿ ನಿಬಂಧನೆಗಳನ್ನು ಹೊರಡಿಸಿದನು. ಅವುಗಳ ಪ್ರಕಾರ ಹುಡುಗನು ಗುರುವಿನ ಕೈಕೆಳಗೆ ಕಡಿಮೆಯೆಂದರೆ ಏಳು ವರ್ಷ ಶಿಷ್ಯನಾಗಿರಬೇಕು. ಶಿಷ್ಯವೃತ್ತಿ ಮುಗಿದ ಮೇಲೆ ಮತ್ತೆ ಏಳು ವರ್ಷ ದುಡಿದಲ್ಲದೆ ಆತನನ್ನು ಸಮಾನ ಕುಶಲಕರ್ಮಿಯೆಂದು ಅಂಗೀಕರಿಸತಕ್ಕದ್ದಲ್ಲ. ಹಾಗೆ ಅಂಗೀಕರಿಸುವಾಗ ಆರು ಮಂದಿ ಗುರುಗಳು ಮಾತ್ರವಲ್ಲ, ಇಬ್ಬರು ಶಿಷ್ಯರೂ ಆ ಸ್ಥಳದಲ್ಲಿರತಕ್ಕದ್ದು. ಈ ಕೊನೆಯ ನಿಯಮವನ್ನು ತಾವು ಗಮನಿಸಬೇಕೆಂದು ನಮ್ಮ ಬಿನ್ನಹ. ಮೇಲಕ್ಕೆ ಹೋಗುವವನನ್ನು ಕೆಳಗಿರುವವರೂ ಕಣ್ಣಾರೆ ಕಾಣಬೇಕೆಂಬುದು ಅದರ ಅರ್ಥ. ಗುರುವಾದವನು ತನ್ನ ಜೀವಮಾನದಲ್ಲಿ ಮೂವರಿಗಿಂತ ಹೆಚ್ಚು ಶಿಷ್ಯರನ್ನು ವಿಶೇಷ ಸಮ್ಮತಿಯಿಲ್ಲದೆ ಇಟ್ಟುಕೊಳ್ಳಕೂಡದೆಂಬ ವಿಧಿಯೂ ಅಲ್ಲಿತ್ತು. ಎರಡನೆಯ ನಿಬಂಧನೆಯಲ್ಲಿ ಶಿಷ್ಯನನ್ನೂ ಕುಶಲಕರ್ಮಿಯನ್ನೂ ವರ್ಷಕ್ಕೊಮ್ಮೆ ಜ್ಞಾಪಕಶಕ್ತಿಯಲ್ಲಿ ಪರೀಕ್ಷಿಸಬೇಕೆಂದೂ, ಮರೆತವನಿಗೆ ದಂಡ ಹಾಕಬೇಕೆಂದೂ ವಿಧಿಸಲಾಯಿತು. ಕುಶಲಕರ್ಮಿಯ ದಂಡವು ಶಿಷ್ಯನ ದಂಡಕ್ಕಿಂತ ಹೆಚ್ಚು. ಪದವಿಯು ಏರಿದಂತೆ ಮರೆವಿನ ಬೆಲೆಯೂ ಏರುತ್ತಿದ್ದಿತು.

ಅವರ ಗುಟ್ಟಿನ ಮಾತಿಗೂ ಇಂಥದೇ ನೆಲದ ಕಾರಣವಿದೆ. ಕಲ್ಲುಕೆಲಸದವನು ಒಂದೂರಿನಲ್ಲಿ ನಿಲ್ಲುವವನಲ್ಲ. ಕಟ್ಟಡ ಮುಗಿದರೆ ಮತ್ತೊಂದೂರು. ಅಲ್ಲಿ ಆತನನ್ನು ಬಲ್ಲವರಿಲ್ಲ. ಕೈಯಲ್ಲಿ ಪ್ರಮಾಣಪತ್ರವಿಲ್ಲ, ಇದ್ದರೂ ಓದುವವರಿಲ್ಲ. ಆಗ ತಾನು ಏಳು ವರ್ಷ ದುಡಿದು ಕಲಿತವನೆಂಬುದನ್ನು ತೋರಿಸುವ ಬಗೆ ಹೇಗೆ? ಕೈಹಿಡಿಯುವ ಒಂದು ರೀತಿ, ಕಿವಿಯಲ್ಲಿ ಉಸುರುವ ಒಂದು ಮಾತು ಇವೇ ಆತನ ಪ್ರಮಾಣಪತ್ರ. ಅನಕ್ಷರಸ್ಥರ ನಡುವೆ ಹುಟ್ಟಿದ ಈ ಉಪಾಯವು ಮುಂದೆ ಅಕ್ಷರಸ್ಥರ ಕೈಗೆ ಸಿಕ್ಕಿ ರಹಸ್ಯವಿದ್ಯೆಯಾಯಿತು!

ಅದು ಅವರ ಕೈಗೆ ಹೇಗೆ ಸಿಕ್ಕಿತೆಂಬುದನ್ನು ವಿಸ್ತಾರವಾಗಿ ಹೇಳುವ ಅಗತ್ಯವಿಲ್ಲ. ಹದಿನೇಳನೆಯ ಶತಮಾನದಲ್ಲಿ ಕಲ್ಲನ್ನು ಮುಟ್ಟದ ಸಭ್ಯಗೃಹಸ್ಥರು ಕೂಡ ಕುತೂಹಲದಿಂದ ಈ ಗುಂಪುಗಳಿಗೆ ಸೇರತೊಡಗಿದರು. ಪುರಾತನ ವಸ್ತುಗಳ ಸಂಗ್ರಾಹಕನಾದ ಇಲಿಯಾಸ್ ಆಷ್‌ಮೋಲ್ 1646ರ ಅಕ್ಟೋಬರ್ 16ರಂದು ವಾರಿಂಗ್‌ಟನ್ನಿನಲ್ಲಿ ಸೇರಿದ ಸಂಗತಿಯನ್ನು ತನ್ನ ದಿನಚರಿಯಲ್ಲಿಯೇ ಬರೆದಿಟ್ಟಿದ್ದಾನೆ. ಲಂಡನ್ನಿನ ನಾಲ್ಕು ಲಾಡ್ಜುಗಳು ಒಂದು ಪಾನಗೃಹದಲ್ಲಿ ಕೂಡಿ ಮಹಾಲಾಡ್ಜನ್ನು ಸ್ಥಾಪಿಸಿದ್ದು 1717ರ ಜೂನ್ 24ರಂದು ಎಂಬುದು ರೂಢಿಯ ಮಾತು. ಅದು 1721ರಲ್ಲಿ ನಡೆದಿರಬೇಕೆಂದು ಈಚಿನ ಕೆಲವು ವಿದ್ವಾಂಸರು ವಾದಿಸಿದ್ದಾರೆ. 1723ರಲ್ಲಿ ಜೇಮ್ಸ್ ಆಂಡರ್ಸನ್ ಅದರ ಸಂವಿಧಾನವನ್ನು ಅಚ್ಚುಹಾಕಿಸಿದನು. ಆ ವೇಳೆಗೆ ಇದ್ದ ಮೆಟ್ಟಿಲುಗಳು ಎರಡೇ. ಸುಮಾರು 1725ರ ಹೊತ್ತಿಗೆ ಮೂರನೆಯದೊಂದು ಹುಟ್ಟಿಕೊಂಡಿತು. ಅಂದಿನಿಂದ ಎಂಟರ್ಡ್ ಅಪ್ರೆಂಟಿಸ್ ಅಂದರೆ ಪ್ರವೇಶ ಪಡೆದ ಶಿಷ್ಯ, ಫೆಲೊ ಕ್ರಾಫ್ಟ್ ಅಂದರೆ ಸಮಾನ ಕುಶಲಕರ್ಮಿ, ಮಾಸ್ಟರ್ ಮೇಸನ್ ಅಂದರೆ ಗುರುಶಿಲ್ಪಿ ಎಂಬ ಈ ಮೂರು ಪದವಿಗಳು ನೆಲೆಯಾಗಿ ನಿಂತುವು.

ಈಗ ದೀಕ್ಷೆಯ ಕ್ರಮವನ್ನು ನೋಡೋಣ. ಹೊಸಬನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಸದಸ್ಯರು ಗುಪ್ತಮತದಿಂದ ನಿರ್ಣಯಿಸುತ್ತಾರೆ. ಬಿಳಿಯ ಗುಂಡು ಸಮ್ಮತಿಗೆ, ಕರಿಯದು ಅಸಮ್ಮತಿಗೆ. ಇಂಗ್ಲೆಂಡಿನ ನಿಯಮದಂತೆ ಮೂರು ಕರಿಯ ಗುಂಡುಗಳು ಬಿದ್ದರೆ ಬಾಗಿಲು ಮುಚ್ಚಿತು. ಒಂದೇ ಸಾಕೆಂದು ನಿಯಮ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಲಾಡ್ಜುಗಳಿಗುಂಟು. ಆಯ್ಕೆಯಾದವನನ್ನು ಮೊದಲ ದಿನ ಒಳಗೆ ತರುವ ರೀತಿ ವಿಚಿತ್ರವಾದುದು. ಕಣ್ಣಿಗೆ ಬಟ್ಟೆ, ಕೊರಳಿಗೆ ಹಗ್ಗ. ಒಂದು ತೋಳು, ಎದೆಯ ಎಡಭಾಗ, ಒಂದು ಮೊಣಕಾಲು ಬತ್ತಲೆ. ಕಾಲೊಂದರಲ್ಲಿ ಹಿಮ್ಮಡಿ ತುಳಿದ ಚಪ್ಪಲಿ. ಉಂಗುರ, ಗಡಿಯಾರ, ನಾಣ್ಯ ಯಾವ ಲೋಹವೂ ಮೈಮೇಲಿರಬಾರದು. ದೊರೆಯಾಗಲಿ ದರ್ಜಿಯಾಗಲಿ, ಈ ವೇಷದಲ್ಲಿಯೇ ಬರಬೇಕು. ಪ್ರತಿಜ್ಞೆಯಾದ ಮೇಲೆ ಕಣ್ಣುಕಟ್ಟನ್ನು ಬಿಚ್ಚಿ ಆತನನ್ನು ಸಭಾಗೃಹದ ಈಶಾನ್ಯ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಕಟ್ಟಡದ ಅಸ್ತಿವಾರದ ಕಲ್ಲನ್ನಿಡುವ ಮೂಲೆ ಅದು. ಅಲ್ಲಿ ಆತನಿಂದ ಬಡವರಿಗಾಗಿ ದಾನವನ್ನು ಬೇಡುತ್ತಾರೆ. ಕೊಡೋಣವೆಂದರೆ ಆತನ ಬಳಿ ಕಾಸಿಲ್ಲ. ಎಲ್ಲವನ್ನೂ ಹೊರಗೆ ತೆಗೆದಿರಿಸಿ ಬಂದಿದ್ದಾನೆ. ಕೊಡಲು ಮನಸ್ಸಿದ್ದೂ ಕೈ ಬರಿದಾದವನ ಸ್ಥಿತಿಯೇನೆಂಬುದನ್ನು ಆ ಗಳಿಗೆಯಲ್ಲಿ ಆತನೇ ಅನುಭವಿಸುತ್ತಾನೆ. ಈ ಸಂಸ್ಕಾರದ ಉಳಿದ ಭಾಗಗಳಲ್ಲಿ ನಾಟಕದ ಅಂಶವು ಹೆಚ್ಚೆಂದು ನಮಗೆ ತೋರುತ್ತದೆ. ಆದರೆ ಈಶಾನ್ಯ ಮೂಲೆಯ ಈ ಪ್ರಸಂಗವನ್ನು ರಚಿಸಿದವನು ಮನುಷ್ಯಸ್ವಭಾವವನ್ನು ಬಲ್ಲವನೆಂಬುದು ನಿರ್ವಿವಾದ.

ಪ್ರತಿಯೊಂದು ಮೆಟ್ಟಿಲಿಗೂ ಅದರದರ ಉಪಕರಣಗಳುಂಟು. ಶಿಷ್ಯನಿಗೆ ಇಪ್ಪತ್ತನಾಲ್ಕು ಅಂಗುಲದ ಅಳತೆಗೋಲು, ಸುತ್ತಿಗೆ, ಉಳಿ. ಒರಟು ಕಲ್ಲನ್ನು ಹದಗೊಳಿಸುವುದೇ ಆತನ ಕೆಲಸ. ಇಪ್ಪತ್ತನಾಲ್ಕು ಅಂಗುಲಗಳೆಂದರೆ ದಿನದ ಇಪ್ಪತ್ತನಾಲ್ಕು ಗಂಟೆಗಳೆಂದೂ, ಅವನ್ನು ಪ್ರಾರ್ಥನೆಗೆ, ದುಡಿಮೆಗೆ, ವಿಶ್ರಾಂತಿಗೆ, ಕಷ್ಟದಲ್ಲಿರುವ ಮಿತ್ರನ ನೆರವಿಗೆ ಹಂಚಬೇಕೆಂದೂ ಅರ್ಥ ಹೇಳುತ್ತಾರೆ. ಎರಡನೆಯವನಿಗೆ ಮೂಲೆಮಟ್ಟ, ರಸಮಟ್ಟ, ತೂಗುಗುಂಡು. ಕೆತ್ತಿದ ಕಲ್ಲು ಸರಿಯಾಗಿದೆಯೇ ಎಂದು ನೋಡುವುದು ಆತನ ಪಾಲಿನದು. ಮೂರನೆಯವನಿಗೆ ಗೆರೆಯೆಳೆಯುವ ದಾರ, ಸೀಸದಕಡ್ಡಿ, ಕೈವಾರ. ಆತನು ನಕ್ಷೆ ಹಾಕುವವನು. ಸೊಂಟಕ್ಕೆ ಕಟ್ಟುವ ಏಪ್ರನ್ನಿನಿಂದಲೂ ಪದವಿಯನ್ನು ಗುರುತಿಸಬಹುದು. ಶಿಷ್ಯನದು ಅಚ್ಚ ಬಿಳಿಯ ಕುರಿಮರಿಯ ಚರ್ಮ. ಎರಡನೆಯದರಲ್ಲಿ ತಿಳಿನೀಲಿಯ ಎರಡು ಕುಚ್ಚುಹೂಗಳು. ಮೂರನೆಯದರಲ್ಲಿ ಮೂರು ಹೂಗಳೂ ನೀಲಿಯ ಅಂಚೂ. ಇಂಗ್ಲೆಂಡಿನ ಕ್ರಮದಲ್ಲಿ ಒಂದು ಪದವಿಗೂ ಇನ್ನೊಂದಕ್ಕೂ ನಡುವೆ ಕಡಿಮೆಯೆಂದರೆ ನಾಲ್ಕು ವಾರಗಳ ಅಂತರವಿರಬೇಕು. ಮೇಲಿನ ಪದವಿಗೆ ಹೋಗುವ ಮುನ್ನ, ಕಲಿತ ಪಾಠದ ಪ್ರಶ್ನೆಗಳಿಗೆ ಎಲ್ಲರೆದುರಿಗೆ ಬಾಯಿಪಾಠದಿಂದ ಉತ್ತರ ಹೇಳಬೇಕು. ಶಾ ಎಂಬವನ ಜ್ಞಾಪಕಪರೀಕ್ಷೆಯು ಹೀಗೆ ಇಂದಿಗೂ ಉಳಿದಿದೆ. ದಂಡ ಮಾತ್ರ ಹೋಯಿತು!

ನಮ್ಮ ತೆಂಕುತಿಟ್ಟಿನ ಯಕ್ಷಗಾನವನ್ನು ಬಲ್ಲ ತಮಗೆ ಇದು ಹೊಸದಾಗಿ ತೋರಲಾರದು. ಮೇಳಕ್ಕೆ ಸೇರಿದ ಹುಡುಗನು ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆಯ ಸ್ತ್ರೀವೇಷ, ಪುಂಡುವೇಷ ಎಂದು ಏರುತ್ತ ಹೋಗಿ, ಯೋಗ್ಯತೆಯಿದ್ದರೆ ಒಂದು ದಿನ ರಾಜವೇಷವನ್ನೋ ಬಣ್ಣದ ವೇಷವನ್ನೋ ಕಟ್ಟುತ್ತಾನೆ. ಕೋಡಂಗಿಯ ವೇಷದಲ್ಲಿ ಕುಣಿದುದನ್ನು ಯಾವ ಹಿರಿಯ ಕಲಾವಿದನೂ ಮರೆಮಾಚುವುದಿಲ್ಲ. ಸಂಜೆಯ ಹೊತ್ತು ಚೌಕಿಯಲ್ಲಿ ಕೋಡಂಗಿಯೂ ಬಣ್ಣದ ವೇಷದವನೂ ಕೂರುವ ನೆಲ ಒಂದೇ.

ಇನ್ನು ಮೂರನೆಯ ಪದವಿಯ ಕಥೆ. ಇದಕ್ಕೆ ನಾವು ಸ್ವಲ್ಪ ಹೆಚ್ಚು ಸಮಯವನ್ನು ತೆಗೆದುಕೊಳ್ಳುತ್ತೇವೆ. ಜೆರುಸಲೇಮಿನಲ್ಲಿ ಸೊಲೊಮೋನ್ ದೊರೆಯು ದೇವಾಲಯವನ್ನು ಕಟ್ಟಿಸುತ್ತಿದ್ದಾಗ ಅದರ ಮುಖ್ಯಶಿಲ್ಪಿ ಹೀರಾಮನು. ಟೈರ್ ಪಟ್ಟಣದ ಕಂಚುಗಾರ ಹೀರಾಮನ ಹೆಸರು ಬೈಬಲಿನಲ್ಲಿಯೇ ಇದೆ; ಆದರೆ ಮುಂದಿನ ಕಥೆ ಅಲ್ಲಿಲ್ಲ, ಅದು ಮೇಸನರ ಸೃಷ್ಟಿ. ಸಾವಿರಾರು ಮಂದಿ ದುಡಿಯುವ ಆ ಸ್ಥಳದಲ್ಲಿ ಪ್ರತಿಯೊಂದು ದರ್ಜೆಯವನೂ ತನ್ನ ದರ್ಜೆಯ ಗುಟ್ಟಿನ ಗುರುತನ್ನು ತೋರಿಸಿ ಅದಕ್ಕೆ ತಕ್ಕ ಕೂಲಿಯನ್ನು ಪಡೆಯುತ್ತಿದ್ದನು. ಎರಡನೆಯ ದರ್ಜೆಯ ಮೂವರಿಗೆ ಕಾಯುವ ತಾಳ್ಮೆ ಇಲ್ಲದೆ ಹೋಯಿತು. ಗುರುಗಳ ಮಾತನ್ನು ಬಲಾತ್ಕಾರದಿಂದ ಪಡೆಯಬೇಕೆಂದು ಅವರು ದೇವಾಲಯದ ಮೂರು ಬಾಗಿಲುಗಳಲ್ಲಿ ಹೊಂಚಿ ನಿಂತರು. ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಹೊರಟ ಹೀರಾಮನು ಮೂರು ಬಾಗಿಲುಗಳಲ್ಲಿಯೂ ಒಂದೇ ಉತ್ತರವನ್ನು ಕೊಟ್ಟನು: ಕಾದಿದ್ದು, ದುಡಿದು, ಅರ್ಹನಾಗಿ ಪಡೆ. ಮೂರನೆಯ ಏಟಿಗೆ ಆತನು ಸತ್ತುಬಿದ್ದನು. ಕೊಂದವರ ಕೈಯಲ್ಲಿದ್ದ ಆಯುಧಗಳೂ ಕೆಲಸದ ಉಪಕರಣಗಳೇ: ತೂಗುಗುಂಡಿನ ಹಲಗೆ, ರಸಮಟ್ಟ, ದೊಡ್ಡ ಸುತ್ತಿಗೆ.

ದೀಕ್ಷೆ ಪಡೆಯುವವನು ಈ ಕಥೆಯನ್ನು ಕೇಳುವುದಷ್ಟೇ ಅಲ್ಲ, ಆತನೇ ಹೀರಾಮನಾಗುತ್ತಾನೆ. ಆತನನ್ನು ಕೆಡಹುತ್ತಾರೆ, ಸತ್ತವನಂತೆ ಮಲಗಿಸುತ್ತಾರೆ. ಕೊನೆಗೆ ಗುರುವು ಕೈಹಿಡಿದು ಎಬ್ಬಿಸುತ್ತಾನೆ. ಎದ್ದವನಿಗೆ ತಿಳಿಸುವುದೇನು? ಹೀರಾಮನೊಡನೆ ನಿಜವಾದ ಮಾತೂ ಹೋಯಿತು. ಈಗ ಕೊಡುವುದು ಅದರ ಬದಲಿಗೆ ಇಟ್ಟುಕೊಂಡ ಇನ್ನೊಂದು ಮಾತು. ಏಣಿಯ ತುದಿಗೆ ಏರಿದವನ ಕೈಗೆ ಸಿಗುವುದು ಕಳೆದುಹೋದ ವಸ್ತುವಿನ ಬದಲಿ! ಪದವಿಯ ಆತುರಕ್ಕೆ ಕೊಲೆ ನಡೆದ ಕಥೆಯನ್ನು ಒಂದು ಮಂಡಲವು ತನ್ನ ಅತ್ಯುಚ್ಚ ಪದವಿಯ ಹೃದಯದಲ್ಲಿಯೇ ಇಟ್ಟುಕೊಂಡಿರುವುದು ಸಾಮಾನ್ಯವಾದ ಸಂಗತಿಯಲ್ಲ. ತನ್ನ ರೋಗವನ್ನು ತಾನೇ ಬಲ್ಲ ಮಂಡಲವಿದು.

ಆದರೆ ರೋಗವನ್ನು ಬಲ್ಲವರೆಲ್ಲರೂ ಪಥ್ಯ ಮಾಡುವುದಿಲ್ಲ. ಮೂರು ಮೆಟ್ಟಿಲುಗಳು ಸಾಲವೆಂಬ ಹಂಬಲವು ಬೇಗನೆ ಹುಟ್ಟಿತು. ಫ್ರಾನ್ಸಿನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ರ್‍ಯಾಮ್ಸೆ ಎಂಬವನು ಸುಮಾರು 1736ರಲ್ಲಿ ಒಂದು ಭಾಷಣ ಮಾಡಿ, ಮೇಸನರ ಮೂಲಪುರುಷರು ಕಲ್ಲುಕುಟಿಗರಲ್ಲ, ಧರ್ಮಯುದ್ಧಗಳ ವೀರಯೋಧರು ಎಂದನು. ಕಲ್ಲುಕುಟಿಗನ ಸಂತತಿಯೆನ್ನಿಸಿಕೊಳ್ಳಲು ನಾಚುತ್ತಿದ್ದ ಶ್ರೀಮಂತರಿಗೆ ಇದಕ್ಕಿಂತ ರುಚಿಯಾದ ಮಾತು ಯಾವುದಿತ್ತು? ಮುಂದಿನ ಕೆಲವು ದಶಕಗಳಲ್ಲಿ ಮಳೆಗಾಲದ ಅಣಬೆಗಳಂತೆ ಪದವಿಗಳು ಎದ್ದುವು. ಜರ್ಮನಿಯಲ್ಲಿ ಹುಂಡ್ ಎಂಬ ಜಮೀನುದಾರನು ಕಟ್ಟಿದ ಪಂಥದಲ್ಲಿ ಸದಸ್ಯರೆಲ್ಲರೂ ‘ಅಜ್ಞಾತರಾದ ಮೇಲಧಿಕಾರಿ’ಗಳಿಗೆ ವಿಧೇಯರಾಗಿರುವೆವೆಂದು ಪ್ರತಿಜ್ಞೆ ಮಾಡಬೇಕಾಗಿದ್ದಿತು. ಆ ಮೇಲಧಿಕಾರಿಗಳು ಯಾರೆಂಬುದನ್ನು ಹುಂಡನು ಕೊನೆಯವರೆಗೂ ತೋರಿಸಲಾರದೆ ಹೋದನು. 1776ರಲ್ಲಿ ಆತನು ತೀರಿಕೊಂಡ ಮೇಲೆ, 1782ರಲ್ಲಿ ವಿಲ್‌ಹೆಲ್ಮ್ಸ್‌ಬಾಡಿನಲ್ಲಿ ಕೂಡಿದ ಸಭೆಯು ಆ ವೀರಯೋಧರ ವಂಶದ ಹಕ್ಕನ್ನೇ ಕೈಬಿಟ್ಟಿತು. ಬವೇರಿಯದಲ್ಲಿ ವೈಸ್‌ಹೌಪ್ಟ್ ಎಂಬ ನ್ಯಾಯಶಾಸ್ತ್ರದ ಪ್ರಾಧ್ಯಾಪಕನು 1776ರ ಮೇ 1ರಂದು ಸ್ಥಾಪಿಸಿದ ಇಲ್ಯುಮಿನಾಟಿ ಎಂಬ ಕೂಟವಂತೂ ಏಣಿಯನ್ನು ಗೂಢಚರ್ಯೆಯ ಯಂತ್ರವನ್ನಾಗಿಯೇ ಮಾಡಿತು. ಕೆಳಗಿನವನು ತನ್ನ ಗುಣದೋಷಗಳನ್ನೂ ಜೊತೆಯವರ ಗುಣದೋಷಗಳನ್ನೂ ಬರೆದು ಮೇಲಕ್ಕೆ ಒಪ್ಪಿಸಬೇಕು. ಮೇಲಿರುವವರು ಯಾರೆಂದು ಆತನಿಗೆ ತಿಳಿಯದು. 1784-85ರಲ್ಲಿ ಅಲ್ಲಿಯ ದೊರೆಯು ಅದನ್ನು ನಿಷೇಧಿಸಿದನು. ಹತ್ತು ವರ್ಷವೂ ಬಾಳದ ಆ ಕೂಟದ ಹೆಸರಿನಲ್ಲಿ ಇಂದಿಗೂ ಕಟ್ಟುಕಥೆಗಳು ಹುಟ್ಟುತ್ತಿರುವುದು ಬೇರೆ ಮಾತು.

ಹೆಚ್ಚಿನ ಪದವಿಗಳಲ್ಲಿ ಇಂದಿಗೂ ಬಾಳುತ್ತಿರುವುದು ‘ಸ್ಕಾಟಿಷ್ ರೈಟ್’ ಎಂಬ ಮೂವತ್ತಮೂರು ಮೆಟ್ಟಿಲಿನ ಏಣಿ. ಹೆಸರು ಸ್ಕಾಟಿಷ್ ಆದರೂ ಅದು ರೂಪುಗೊಂಡದ್ದು ಅಮೆರಿಕೆಯ ಚಾರ್ಲ್‌ಸ್ಟನ್ನಿನಲ್ಲಿ, 1801ರಲ್ಲಿ. ಇಂಗ್ಲೆಂಡಿನಲ್ಲಿ ಇದರ ನಾಲ್ಕನೆಯದರಿಂದ ಹದಿನೇಳನೆಯವರೆಗಿನ ಪದವಿಗಳನ್ನು ಹೆಸರು ಹೇಳಿ ಒಂದೇ ಸಲಕ್ಕೆ ಕೊಟ್ಟುಬಿಡುತ್ತಾರೆ. ವಿಧಿಪೂರ್ವಕವಾದ ಸಂಸ್ಕಾರ ನಡೆಯುವುದು ಹದಿನೆಂಟನೆಯದಕ್ಕೆ. ಅಮೆರಿಕೆಯಲ್ಲಿ ನಾಟಕಶಾಲೆಯಂತಹ ಸಭಾಗೃಹದಲ್ಲಿ ನೂರಾರು ಮಂದಿ ಕುಳಿತು, ಎಲ್ಲರ ಪರವಾಗಿ ಒಬ್ಬನು ದೀಕ್ಷೆ ಪಡೆಯುವುದನ್ನು ನೋಡಿ, ಪದವೀಧರರಾಗಿ ಎದ್ದುಹೋಗುವ ಪದ್ಧತಿಯುಂಟು. ಕಲಿಯದೆ ಏರಬಹುದಾದ ಮೆಟ್ಟಿಲನ್ನು ಮೆಟ್ಟಿಲೆನ್ನುವುದು ಕಷ್ಟ. ಇಂಗ್ಲೆಂಡಿನವರು 1813ರ ಡಿಸೆಂಬರಿನಲ್ಲಿ ತಮ್ಮ ಎರಡು ಪ್ರತಿಸ್ಪರ್ಧಿ ಮಹಾಲಾಡ್ಜುಗಳನ್ನು ಒಂದುಗೂಡಿಸುವಾಗ, ಶುದ್ಧವಾದ ಪದವಿಗಳು ಮೂರೇ, ಹೆಚ್ಚಿಲ್ಲ, ರಾಯಲ್ ಆರ್ಚ್ ಎಂಬುದು ಆ ಮೂರರಲ್ಲಿಯೇ ಅಡಕವೆಂದು ನಿರ್ಣಯಿಸಿದರು. ಆದುದರಿಂದ ಮೂವತ್ತಮೂರನೆಯ ಪದವಿಯವನೂ ಸಾಮಾನ್ಯ ಲಾಡ್ಜಿಗೆ ಬಂದಾಗ ಅಲ್ಲಿ ಬರಿಯ ಸೋದರನೇ. ಆತನ ಮಾತಿಗೆ ಅಲ್ಲಿ ಹೆಚ್ಚಿನ ಅಧಿಕಾರವಿಲ್ಲ.

ಇಲ್ಲಿ ಪದವಿಗೂ ಅಧಿಕಾರಸ್ಥಾನಕ್ಕೂ ಇರುವ ಭೇದವನ್ನು ಹೇಳಬೇಕು. ಪದವಿಯು ಪಡೆದವನಿಗೆ ಜೀವಮಾನವಿಡೀ ಇರುವುದು. ಅದು ಕಲಿಕೆಯ ಗುರುತು. ಲಾಡ್ಜಿನ ಅಧ್ಯಕ್ಷಪೀಠವಾದರೋ ವರ್ಷಕ್ಕೊಮ್ಮೆ ಚುನಾವಣೆಯಿಂದ ಬರುವುದು. ಇಂಗ್ಲೆಂಡಿನ ನಿಯಮದಂತೆ ವಿಶೇಷ ಅನುಮತಿಯಿಲ್ಲದೆ ಎರಡು ವರ್ಷಗಳಿಗಿಂತ ಹೆಚ್ಚುಕಾಲ ಒಬ್ಬನೇ ಒಂದೇಸಮನೆ ಅದರಲ್ಲಿ ಕೂರುವಂತಿಲ್ಲ. ಇಳಿದವನು ಉಳಿದವರ ಸಾಲಿಗೆ ಬರುತ್ತಾನೆ. ಕಲಿಕೆಗೆ ಕೊನೆಯಿಲ್ಲ, ಕುರ್ಚಿಗೆ ಕೊನೆಯುಂಟು ಎಂಬ ಈ ಏರ್ಪಾಡಿನಿಂದಲೇ ಆ ಮಂಡಲವು ಇಷ್ಟು ಕಾಲ ಉಳಿಯಿತೆಂದು ನಮ್ಮ ಎಣಿಕೆ.

ಸಭಿಕರೇ, ಇಷ್ಟು ಹೊತ್ತು ಮೆಟ್ಟಿಲುಗಳ ಮಾತಾಯಿತು. ಇನ್ನು ಬಾಗಿಲಿನ ಮಾತು. ನೋವೆಲ್ಲ ಇರುವುದು ಅಲ್ಲಿ.

ಎಲ್ಲ ಮತದವರೂ ಸೋದರರೆಂದು ಸಾರಿದ ಈ ಮಂಡಲವು ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ, ಸುಮಾರು 1730ರಲ್ಲಿ, ಕಲ್ಕತ್ತೆಗೆ ಬಂದಿತು. ಮದರಾಸಿಗೂ ಮುಂಬಯಿಗೂ ಆ ಶತಮಾನದ ಮಧ್ಯದಲ್ಲಿ. ಆರ್ಕಾಟಿನ ನವಾಬನ ಮಗನಿಗೆ 1770ರ ದಶಕದಲ್ಲಿ ತಿರುಚಿನಾಪಳ್ಳಿಯಲ್ಲಿ ದೀಕ್ಷೆಯಾಯಿತು. ಆದರೆ ನವಾಬನ ಮಗನಿಗೆ ತೆರೆದ ಬಾಗಿಲು ಸಾಮಾನ್ಯನಿಗೆ ತೆರೆಯಲಿಲ್ಲ. ಮುಂಬಯಿಯ ಮಾಣಿಕ್‌ಜೀ ಕರ್ಸೆಟ್‌ಜೀ ಎಂಬ ಪಾರ್ಸಿ ಗೃಹಸ್ಥರು, ಮುಂದೆ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದು ಹೆಸರಾದವರು, ತಮ್ಮ ಊರಿನಲ್ಲಿ ಬಾಗಿಲು ತೆರೆಯದುದರಿಂದ ಯುರೋಪಿಗೆ ಹೋದಾಗ ಪ್ಯಾರಿಸಿನಲ್ಲಿ ದೀಕ್ಷೆ ಪಡೆಯಬೇಕಾಯಿತು. ಆ ಮೇಲೆ ಸ್ಕಾಟ್ಲೆಂಡಿನ ಮಹಾಲಾಡ್ಜಿನ ಆಶ್ರಯದಲ್ಲಿ ಡಾಕ್ಟರ್ ಜೇಮ್ಸ್ ಬರ್ನ್ಸ್ ಎಂಬವರು 1843ರಲ್ಲಿ ಮುಂಬಯಿಯಲ್ಲಿ ಭಾರತೀಯರಿಗಾಗಿಯೇ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜನ್ನು ತೆರೆದರು. ಇವರ ತಮ್ಮ ಅಲೆಕ್ಸಾಂಡರ್ ಬರ್ನ್ಸ್ ಎರಡು ವರ್ಷಗಳ ಹಿಂದೆಯಷ್ಟೇ ಕಾಬೂಲಿನಲ್ಲಿ ಹತನಾಗಿದ್ದನು. ತಮ್ಮನನ್ನು ಪೂರ್ವದೇಶದಲ್ಲಿ ಕಳೆದುಕೊಂಡ ಅಣ್ಣನು ಪೂರ್ವದೇಶದವರಿಗೆ ಬಾಗಿಲು ತೆರೆದುದನ್ನು ನಾವು ಗೌರವದಿಂದ ನೆನೆಯಬೇಕು.

ಹಿಂದುಗಳ ಪಾಡು ಇನ್ನೂ ಕಷ್ಟದ್ದಾಗಿತ್ತು. ಕಲ್ಕತ್ತೆಯ ವರ್ತಕ ಪ್ರಸನ್ನಕುಮಾರ ದತ್ತರು 1863ರಲ್ಲಿ ಪ್ರವೇಶವನ್ನು ಕೋರಿದರು. ಏಷ್ಯದವರನ್ನು ಸೇರಿಸಲು ಮೇಲಧಿಕಾರಿಯ ವಿಶೇಷ ಅನುಮತಿ ಬೇಕೆಂಬ ಪ್ರಾಂತೀಯ ನಿಯಮವೊಂದು ಅಡ್ಡಬಂದಿತು. ಹಿಂದುವಿಗೆ ದೇವರು ಹಲವರು, ಆತನು ಯಾವ ದೇವರ ಮೇಲೆ ಆಣೆಯಿಟ್ಟಾನು ಎಂದು ಕೆಲವರು ಕೇಳಿದರು. ಜಾತಿಭೇದವುಳ್ಳವನು ಸೋದರಭಾವವನ್ನು ಹೇಗೆ ಬಲ್ಲನೆಂದು ಮತ್ತೆ ಕೆಲವರು ಆಕ್ಷೇಪಿಸಿದರು. ಜಾತಿಯ ದೋಷವನ್ನು ಎತ್ತಿ ತೋರಿಸುತ್ತ ಬಣ್ಣದ ಜಾತಿಯನ್ನು ಕಾಪಾಡಿಕೊಂಡವರ ತರ್ಕವನ್ನು ಏನೆನ್ನೋಣ! ದತ್ತರು ಬಿಡಲಿಲ್ಲ, ವಿವಾದವು ಲಂಡನ್ನಿನವರೆಗೂ ಹೋಯಿತು. 1872ರಲ್ಲಿ, ಒಂಬತ್ತು ವರ್ಷಗಳ ಮೇಲೆ, ಅವರಿಗೆ ದೀಕ್ಷೆಯಾಯಿತು. ಆ ಬಾಗಿಲು ತೆರೆದ ಹನ್ನೆರಡು ವರ್ಷಗಳಲ್ಲಿಯೇ, ಕಲ್ಕತ್ತೆಯ ಆ್ಯಂಕರ್ ಅಂಡ್ ಹೋಪ್ ಲಾಡ್ಜಿನಲ್ಲಿ ನರೇಂದ್ರನಾಥ ದತ್ತ ಎಂಬ ತರುಣನು ಒಳಗೆ ಬಂದನು. 1884ರ ಫೆಬ್ರವರಿ 19ರಂದು ಮೊದಲ ಪದವಿ, ಏಪ್ರಿಲ್ 15ರಂದು ಎರಡನೆಯದು, ಮೇ 20ರಂದು ಮೂರನೆಯದು. ಮೊದಲ ದೀಕ್ಷೆಯಾದ ಕೆಲವೇ ದಿನಗಳಲ್ಲಿ ತಂದೆಯನ್ನು ಕಳೆದುಕೊಂಡ ಆ ತರುಣನೇ ಮುಂದೆ ಜಗತ್ತು ಸ್ವಾಮಿ ವಿವೇಕಾನಂದರೆಂದು ಬಲ್ಲ ಮಹಾನುಭಾವರು.

ಲಾಹೋರಿನಲ್ಲಿ 1886ರಲ್ಲಿ ದೀಕ್ಷೆ ಪಡೆದ ರಡ್ಯರ್ಡ್ ಕಿಪ್ಲಿಂಗನು, ತನ್ನನ್ನು ಒಳಗೆ ಬರಮಾಡಿಕೊಂಡವನು ಬ್ರಹ್ಮಸಮಾಜದ ಹಿಂದು, ಎರಡನೆಯ ಪದವಿಗೆ ಏರಿಸಿದವನು ಮುಸಲ್ಮಾನ, ಮೂರನೆಯದಕ್ಕೆ ಇಂಗ್ಲಿಷಿನವನು, ಬಾಗಿಲು ಕಾಯುತ್ತಿದ್ದವನು ಭಾರತದ ಯೆಹೂದಿ ಎಂದು ಆತ್ಮಕಥೆಯಲ್ಲಿ ಬರೆದಿದ್ದಾನೆ. ಲಾಡ್ಜಿನ ದಾಖಲೆಗಳು ಇದಕ್ಕೆ ಪೂರ್ತಿ ಹೊಂದುವುದಿಲ್ಲವಂತೆ. ಹೊಂದದಿದ್ದರೇನಾಯಿತು? ಬಿಳಿಯರ ಭಾರವನ್ನು ಹಾಡಿದ ಕವಿಗೆ ಮುಪ್ಪಿನಲ್ಲಿ ನೆನಪಾದ ಸೊಗಸಿನ ಚಿತ್ರ ಇದು. ತನ್ನ ಲಾಡ್ಜನ್ನು ಕುರಿತ ಕವಿತೆಯಲ್ಲಿ ಆತನು, ಹೊರಗೆ ಸಲಾಮು ಹೊಡೆಯಬೇಕಾದವರು ಒಳಗೆ ಸೋದರರಾಗುವುದನ್ನು ಬಣ್ಣಿಸಿದ್ದಾನೆ. ಹೊರಗೆ ಬಂದೊಡನೆ ಮತ್ತೆ ಸಲಾಮು ಎಂಬುದನ್ನೂ ನಾವು ಮರೆಯಬಾರದು.

ಅಮೆರಿಕೆಯಲ್ಲಿ ನಡೆದುದು ಇದಕ್ಕಿಂತ ತೀಕ್ಷ್ಣವಾದುದು. 1775ರ ಮಾರ್ಚ್ 6ರಂದು ಬಾಸ್ಟನ್ನಿನಲ್ಲಿ ಪ್ರಿನ್ಸ್ ಹಾಲ್ ಎಂಬ ಕರಿಯ ಜನಾಂಗದ ಗೃಹಸ್ಥನಿಗೂ ಆತನ ಹದಿನಾಲ್ಕು ಮಂದಿ ಸಂಗಡಿಗರಿಗೂ ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಷ್ ಲಾಡ್ಜೊಂದು ದೀಕ್ಷೆ ಕೊಟ್ಟಿತು. ಸೈನ್ಯವು ಹೊರಟುಹೋದಾಗ ಅವರಿಗೆ ದೊರೆತ ಅಪ್ಪಣೆಯು ಇಷ್ಟೇ: ಸಭೆ ಸೇರಬಹುದು, ಹಬ್ಬದ ದಿನ ಮೆರವಣಿಗೆ ಹೋಗಬಹುದು, ತಮ್ಮಲ್ಲಿ ಸತ್ತವರನ್ನು ಹೂಳಬಹುದು, ಆದರೆ ಯಾರಿಗೂ ಪದವಿ ಕೊಡಕೂಡದು. ಹೂಳುವ ಹಕ್ಕುಂಟು, ಹೊಸಬನನ್ನು ಸೇರಿಸುವ ಹಕ್ಕಿಲ್ಲ! ಸಂಘವೊಂದನ್ನು ಶಬ್ದವಿಲ್ಲದೆ ಕೊಲ್ಲುವುದಕ್ಕೆ ಇದಕ್ಕಿಂತ ಉತ್ತಮವಾದ ಉಪಾಯವನ್ನು ಯಾರೂ ಕಂಡುಹಿಡಿಯಲಾರರು. ಹಾಲನು ಲಂಡನ್ನಿಗೆ ಬರೆದು 1784ರಲ್ಲಿ ಸನ್ನದು ಪಡೆದನು; ಅದು ಕೈಸೇರಿದುದು 1787ರಲ್ಲಿ. ಆ ಪರಂಪರೆಯ ಮಸಾಚುಸೆಟ್ಸಿನ ಮಹಾಲಾಡ್ಜಿಗೆ ಇಂಗ್ಲೆಂಡಿನ ಮಹಾಲಾಡ್ಜು ಮಾನ್ಯತೆ ಕೊಟ್ಟುದು 1994ರಲ್ಲಿ!

ಸ್ತ್ರೀಯರಿಗೆ ಇಂಗ್ಲೆಂಡಿನ ಸಂಯುಕ್ತ ಮಹಾಲಾಡ್ಜಿನ ಬಾಗಿಲು ಇಂದಿಗೂ ತೆರೆದಿಲ್ಲ. ಫ್ರಾನ್ಸಿನಲ್ಲಿ ಮರಿಯಾ ದರೆಮ್ ಎಂಬ ಲೇಖಕಿಗೆ 1882ರಲ್ಲಿ ಲಾಡ್ಜೊಂದು ದೀಕ್ಷೆ ಕೊಟ್ಟುದಕ್ಕಾಗಿ ಆ ಲಾಡ್ಜೇ ಶಿಕ್ಷೆಗೊಳಗಾಯಿತು. ಆಕೆಯು 1893ರಲ್ಲಿ ಸ್ತ್ರೀಪುರುಷರಿಬ್ಬರಿಗೂ ಸೇರಿದ ಬೇರೆ ಮಂಡಲವನ್ನೇ ಕಟ್ಟಲು ಕಾರಣಳಾದಳು. ಅದರಲ್ಲಿ 1902ರಲ್ಲಿ ದೀಕ್ಷೆ ಪಡೆದ ಆನಿ ಬೆಸೆಂಟರು ಅದನ್ನು ನಮ್ಮ ದೇಶಕ್ಕೆ ತಂದರು. ಭಾರತದ ಲಾಡ್ಜುಗಳಿಗೆ ತಮ್ಮದೇ ಮಹಾಲಾಡ್ಜು ದೊರೆತದ್ದು ಸ್ವಾತಂತ್ರ್ಯ ಬಂದ ಹದಿನಾಲ್ಕು ವರ್ಷಗಳ ಮೇಲೆ, 1961ರ ನವೆಂಬರ್ 24ರಂದು, ದೆಹಲಿಯಲ್ಲಿ. ರಾಮಪುರದ ನವಾಬ ರಜಾ ಅಲಿ ಖಾನರು ಅದರ ಮೊದಲ ಮಹಾಧ್ಯಕ್ಷರು. ಅದರ ಮುದ್ರೆಯಲ್ಲಿ ಐದು ಧರ್ಮಗ್ರಂಥಗಳಿವೆ. ಪ್ರಸನ್ನಕುಮಾರ ದತ್ತರನ್ನು ಯಾವ ಗ್ರಂಥದ ಮೇಲೆ ಆಣೆಯಿಡುವೆಯೆಂದು ಕೇಳಿದವರಿಗೆ ಇದೊಂದು ಉತ್ತರವೆಂದು ನಾವು ಎಣಿಸುತ್ತೇವೆ.

ಇನ್ನು ನಮ್ಮ ಕರಡಿನ ಮಾತು. ಈ ನೆಲದಲ್ಲಿ ಕನ್ನಡವನ್ನು ಉಳಿಸಿದವರೆಲ್ಲರ ಮನೆಮಾತು ಕನ್ನಡವಲ್ಲ. ತುಳುವಿನವರು, ಕೊಂಕಣಿಯವರು, ಮರಾಠಿಯವರು, ಮಲೆಯಾಳದವರು, ಉರ್ದುವಿನವರು ಶಾಲೆಯಲ್ಲಿ ಕನ್ನಡವನ್ನು ಕಲಿತು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಅವರ ಮೊಮ್ಮಕ್ಕಳಲ್ಲಿ ಅನೇಕರು ಇಂದು ಮಲೆಯಾಳದ ಅಥವಾ ಇಂಗ್ಲಿಷಿನ ಶಾಲೆಗೆ ಹೋಗುತ್ತಾರೆ. ಮಾತನಾಡಬಲ್ಲರು, ಓದಲಾರರು. ಕರಡಿನಂತೆ ನಡೆದರೆ ಸಂಘದ ಬಾಗಿಲು ಮುಚ್ಚುವುದು ಇವರಿಗೇ. ಆಗ ನಮಗೆ ಉಳಿಯುವ ಹಕ್ಕು ಪ್ರಿನ್ಸ್ ಹಾಲನಿಗೆ ಸೈನ್ಯದವರು ಬಿಟ್ಟುಹೋದ ಹಕ್ಕಿನಂಥದೇ: ಸಭೆ ಸೇರಬಹುದು, ರಾಜ್ಯೋತ್ಸವದ ದಿನ ಮೆರವಣಿಗೆ ಹೋಗಬಹುದು, ಹಿರಿಯರು ತೀರಿಕೊಂಡಾಗ ಸಂತಾಪಸೂಚಕ ಸಭೆ ನಡೆಸಬಹುದು.

ದರ್ಜೆಗಳು ಬೇಡವೆಂದು ನಾವು ಹೇಳುವುದಿಲ್ಲ. ಅಕ್ಷರ ಬಾರದವರನ್ನು ಸದಸ್ಯರನ್ನಾಗಿಯೇ ಸೇರಿಸಿಕೊಂಡು, ವಾಚನಾಲಯದ ಹಿಂದಿನ ಕೋಣೆಯಲ್ಲಿ ವಾರಕ್ಕೆರಡು ಸಂಜೆ ಅವರಿಗೆ ಅಕ್ಷರಾಭ್ಯಾಸ ನಡೆಯಲಿ. ಅದು ಮೊದಲ ದರ್ಜೆ. ಓದಬಲ್ಲವರು ಇನ್ನೊಬ್ಬರಿಗೆ ಓದಿಸುವವರೆಗೆ ಎರಡನೆಯದು. ಒಬ್ಬರಿಗಾದರೂ ಓದು ಬರಹ ಕಲಿಸಿದವರದು ಮೂರನೆಯದು. ಆ ದರ್ಜೆಗೆ ಏರಿಸುವ ಸಭೆಯಲ್ಲಿ ಮೊದಲ ದರ್ಜೆಯ ಇಬ್ಬರಾದರೂ ಇರಲಿ. ಮತಾಧಿಕಾರ ಎಲ್ಲರಿಗೂ ಇರಲಿ. ಪದಾಧಿಕಾರಿಗಳು ಎರಡು ವರ್ಷಗಳಿಗಿಂತ ಹೆಚ್ಚುಕಾಲ ಒಂದೇ ಕುರ್ಚಿಯಲ್ಲಿ ಕೂರದಿರಲಿ. ಈ ನಾಲ್ಕು ಸೂಚನೆಗಳನ್ನು ನಾವು ಲಿಖಿತವಾಗಿ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇವೆ. ಮಹಾಸಭೆಯ ಕಾರ್ಯಕಲಾಪದಲ್ಲಿ ಅವು ಕರಡಿನೊಡನೆಯೇ ಚರ್ಚೆಗೆ ಬರುತ್ತವೆ.